ಉಕಾರದ ಮನೆ

ನನ್ನ ಹೆಸರು ಸರಳಾ. ಮದುವೆಯಾಗಿ ಈ ಊರಿಗೆ ಬಂದ ಮೂರನೆಯ ದಿನ ಬೆಳಿಗ್ಗೆ ನನ್ನ ಗಂಡ ಬಚ್ಚಲುಮನೆಯಿಂದ, “ಸುರುಳೂ, ಟವೆಲ್ ಕೊಡು” ಎಂದು ಕೂಗಿದರು. ಮನೆಯಲ್ಲಿ ಬೇರೆ ಯಾರೋ ಹೆಂಗಸು ಇರಬೇಕು ಎಂದುಕೊಂಡು ನಾನು ಹಾಸಿಗೆ ಮಡಚುತ್ತಲೇ ಇದ್ದೆ. ಎರಡನೆಯ ಸಲ ಕೂಗಿದಾಗ ಅತ್ತೆ ಅಡುಗೆಮನೆಯಿಂದ ಇಣುಕಿ, “ನಿನಗ ಕರ್ಯಾಕತ್ತಾನ. ಕಿವಿ ಕೇಳಂಗಿಲ್ಲೇನ?” ಎಂದರು. “ಅಲ್ರಿ, ನಾ ಸುರುಳೂ ಅಲ್ಲ, ನಾ ಸು...” ಎಂದು ಬಾಯಿ ತೆರೆದೆ. ಅ ಎನ್ನಲು ಹೋದರೆ ತುಟಿಗಳು ತಾವಾಗಿಯೇ ಮುಂದೆ ಬಂದು ದುಂಡಗಾದವು. ಮತ್ತೆರಡು ಸಲ ಪ್ರಯತ್ನಿಸಿದೆ. ಸುರುಳೂ. ಸುರುಳೂ. ಅತ್ತೆ, “ಆತಲ್ಲ, ಇನ್ನ ಟವೆಲ್ ಕೊಡು” ಎಂದು ಒಳಗೆ ಹೋದರು.

ಈ ಊರಿನಲ್ಲಿ ಮನೆಗೊಂದು ಸ್ವರ. ಹೊಸ ಮನೆಯ ಹೊಸ್ತಿಲನ್ನು ಮೊದಲು ದಾಟಿದವರ ಹೆಸರಿನ ಮೊದಲ ಸ್ವರವೇ ಆ ಮನೆಯ ಸ್ವರ. ಆಮೇಲೆ ಆ ಸೂರಿನಡಿ ಬದುಕುವವರ ಹೆಸರೆಲ್ಲ ಮೂರನೆಯ ದಿನಕ್ಕೆ ಅದಕ್ಕೆ ಬಾಗುತ್ತವೆ. ನಗರಸಭೆಯ ಗುಮಾಸ್ತರು ಬಂದು ಬಾಗಿಲ ಚೌಕಟ್ಟಿಗೆ ಹಿತ್ತಾಳೆಯ ಒಂದು ಅಕ್ಷರ ಹೊಡೆದು ಹೋಗುತ್ತಾರೆ. ನಮ್ಮ ಮನೆಗೆ ಮೊದಲು ಕಾಲಿಟ್ಟವರು ನನ್ನ ಗಂಡನ ಅಜ್ಜಿ ತುಳಸವ್ವ. ಹೀಗಾಗಿ ನಮ್ಮದು ಉ. ಗಜಾನನ ಎಂದು ತೊಟ್ಟಿಲಲ್ಲಿ ಹೆಸರಿಡಿಸಿಕೊಂಡ ನನ್ನ ಗಂಡ ತೊಟ್ಟಿಲಿನಿಂದ ಇಳಿಯುವ ಮೊದಲೇ ಗುಜೂನುನು ಆಗಿದ್ದರು. ಮೈದುನ ಶ್ರೀಧರ, ಶ್ರೂಧುರು.

ಊರಿನವರಿಗೆ ಇದು ಬಿಸಿಲು ಗಾಳಿ ಇದ್ದ ಹಾಗೆ. ಹೆಣ್ಣು ನೋಡಲು ಹೋದವರು ಜಾತಕಕ್ಕಿಂತ ಮೊದಲು ಹುಡುಗಿಯ ಹೆಸರನ್ನು ತಮ್ಮ ಮನೆಯ ಸ್ವರದಲ್ಲಿ ಒಮ್ಮೆ ಅಂದು ನೋಡುತ್ತಾರೆ. ಕೇಳಲು ತೀರಾ ಕೆಟ್ಟದಾಗಿದ್ದರೆ ಅವಲಕ್ಕಿ ತಿಂದು ಎದ್ದು ಬರುತ್ತಾರೆ. ಪೋಸ್ಟ್‌ಮನ್ ಕಾಗದಗಳನ್ನು ಓಣಿಯ ಪ್ರಕಾರ ಜೋಡಿಸುವುದಿಲ್ಲ, ಸ್ವರದ ಪ್ರಕಾರ ಜೋಡಿಸುತ್ತಾನೆ. ನಮ್ಮ ಎದುರುಮನೆಗೆ ಬಾಡಿಗೆಗೆ ಬಂದ ನಾರಾಯಣ ಮಾಸ್ತರರು ಇಕಾರದ ಮನೆಯಲ್ಲಿ ನೀರೀಯಿಣಿ ಆಗಿ, ಶಾಲೆಯ ಹುಡುಗರ ಬಾಯಲ್ಲಿ ನೀರು ಮಾಸ್ತರರಾಗಿ, ಕೊನೆಗೆ ತಾವೂ ಅದನ್ನೇ ಸಹಿ ಮಾಡತೊಡಗಿದರು.

ನಾನು ಹಾಗೆ ಒಗ್ಗಿಕೊಳ್ಳುವವಳಲ್ಲ. ನಮ್ಮ ಅಪ್ಪ ಕನ್ನಡ ಪಂಡಿತರು. ಸರಳ ಎಂದರೆ ನೆಟ್ಟಗಿರುವುದು ಎಂದು ತಲೆ ಸವರಿ ಹೇಳಿ ಹೆಸರಿಟ್ಟಿದ್ದರು. ನೆಟ್ಟಗಿದ್ದವಳು ಸುರುಳಿ ಸುತ್ತಿಕೊಂಡದ್ದಕ್ಕೆ ನನ್ನಲ್ಲಿ ಹನ್ನೆರಡು ವರ್ಷ ಸಿಟ್ಟಿತ್ತು. ವರ್ಷಕ್ಕೊಮ್ಮೆ ತವರಿಗೆ ಹೋದಾಗ, ಬಸ್ಸು ಊರಿನ ಗಡಿ ದಾಟಿದ ಕೂಡಲೇ ಕಿಟಕಿಗೆ ಮುಖವಿಟ್ಟು “ಸರಳಾ, ಸರಳಾ” ಎಂದು ಅಂದುಕೊಳ್ಳುತ್ತಿದ್ದೆ. ಪಕ್ಕದಲ್ಲಿ ಕುಳಿತವರು ಚೀಲ ಎತ್ತಿಕೊಂಡು ಬೇರೆ ಸೀಟಿಗೆ ಹೋಗುತ್ತಿದ್ದರು.

ಆ ಸಿಟ್ಟಿಗೆ ಒಂದು ಸಣ್ಣ ಸಮಾಧಾನವೂ ಇತ್ತು. ಒಂದು ಸಲ ಮತದಾರರ ಪಟ್ಟಿಯಲ್ಲಿ ಅತ್ತೆಯ ಹೆಸರು ನೋಡಿದೆ: ಉಂದುರು. ಊರಿನವರೆಲ್ಲ ಅವರನ್ನು ದೊಡ್ಡವ್ವ ಎನ್ನುತ್ತಿದ್ದರು, ಮಕ್ಕಳು ಅವ್ವ ಎನ್ನುತ್ತಿದ್ದರು, ನಾನು ಅತ್ತಿ ಎನ್ನುತ್ತಿದ್ದೆ. ಹೆಸರು ಯಾರ ಬಾಯಲ್ಲೂ ಕೇಳಿರಲಿಲ್ಲ. ಉಂದುರು ಎಂದರೆ ಹಳೆಯ ಪುಸ್ತಕಗಳಲ್ಲಿ ಇಲಿ. ಇದು ಆ ಊರಿನಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಅತ್ತೆ ಬೈದಾಗಲೆಲ್ಲ ನಾನು ತಲೆ ತಗ್ಗಿಸಿ, ಮೀಸೆ ಇರುವ ಅತ್ತೆಯನ್ನು ಕಲ್ಪಿಸಿಕೊಂಡು ನಗು ನುಂಗುತ್ತಿದ್ದೆ. ಅವರು ಅದನ್ನು ವಿನಯ ಎಂದುಕೊಂಡಿದ್ದರು. ಆ ಹೆಸರಿನ ಕೆಳಗೆ ಇನ್ನೊಂದು ಹೆಸರು ಇದ್ದೀತು ಎಂದು ಮಾತ್ರ ನಾನು ಒಂದು ದಿನವೂ ಯೋಚಿಸಲಿಲ್ಲ.

ಹೀಗಿರುವಾಗ ಡಾಕ್ಟರಿಕೆ ಓದಲು ಕಿರ್ಗಿಜ್ ದೇಶಕ್ಕೆ ಹೋಗಿದ್ದ ಮೈದುನ ಅಲ್ಲಿಯ ಹುಡುಗಿಯನ್ನೇ ಮದುವೆಯಾಗಿ ಕರೆದುಕೊಂಡು ಬಂದ. ಅವಳ ಹೆಸರು ಆಯ್‌ಗುಲ್. ಕೆಂಪು ಕೆನ್ನೆ, ನೆಟ್ಟನೆಯ ಬೆನ್ನು, ಕೈಯಲ್ಲಿ ಬಣ್ಣದ ಉಣ್ಣೆಯ ಕಂಬಳಿಯ ಸುತ್ತು. ಪುಸ್ತಕದಿಂದ ಕಲಿತ ಕನ್ನಡ ಮಾತಾಡುತ್ತಿದ್ದಳು. ಬಂದವಳೇ ಅತ್ತೆಯ ಕಾಲಿಗೆರಗಿ, “ಆಪಾ, ನಾನು ನಿಮ್ಮ ಮನೆಗೆ ಬಂದಿರುತ್ತೇನೆ” ಎಂದಳು.

“ಅಪ್ಪಾ ಅಂತಾಳಲ್ಲೋ ಇಕಿ! ನಾ ಏನ್ ಗಂಡಸಾಗಿ ಕಾಣಸ್ತೀನೇನ?” ಎಂದು ಅತ್ತೆ ಹಿಂದೆ ಸರಿದರು. ಅವರ ಭಾಷೆಯಲ್ಲಿ ಆಪಾ ಎಂದರೆ ತಾಯಿ ಎಂದು ಮೈದುನ ತಿಳಿಹೇಳಬೇಕಾಯಿತು. ನನ್ನನ್ನು ಅವಳು ಎಜೆ ಎಂದು ಕರೆದಳು. ಎಜೆ ಎಂದರೆ ಅಕ್ಕ.

ಮೂರನೆಯ ದಿನ ಬೆಳಿಗ್ಗೆ ಓಣಿಯ ಹೆಂಗಸರು ಸಕ್ಕರೆ ಕಡ ಕೇಳುವ ನೆಪದಲ್ಲಿ ನಮ್ಮ ಅಂಗಳದಲ್ಲಿ ನೆರೆದರು. ಪರದೇಶದ ಹೆಸರು ಹೇಗೆ ಬಾಗುತ್ತದೆ ಎಂದು ಕೇಳಬೇಕಿತ್ತು. ಉಯ್‌ಗುಲ್ ಆಗುತ್ತದೆ ಎಂದು ಕೆಲವರು, ಊಗುಲ್ ಎಂದು ಕೆಲವರು. ಆಯ್‌ಗುಲ್ ಎದ್ದು ಬಂದು ಹಲ್ಲುಜ್ಜಿ, ಎಲ್ಲರಿಗೂ ಕೈಮುಗಿದು, “ನಾನು ಆಯ್‌ಗುಲ್” ಎಂದಳು. ಎಲ್ಲರೂ ಕಾದರು. ನಾಲ್ಕನೆಯ ದಿನವೂ ಅದೇ, ವಾರ ಕಳೆದರೂ ಅದೇ. ಅತ್ತೆಯ ಮುಖ ಹುಳಿ ತಿಂದ ಹಾಗಾಯಿತು. ನಲವತ್ತೊಂಬತ್ತು ವರ್ಷದಲ್ಲಿ ಆ ಮನೆಯೊಳಗೆ ಬಾಗದೆ ನಿಂತ ಮೊದಲ ಹೆಸರು ಅದು.

“ನೀ ಹ್ಯಾಂಗ ಉಳದಿ? ಏನ್ ಮಂತ್ರ ಹಾಕಿ?” ಎಂದು ನಾನು ರೊಟ್ಟಿ ಬಡಿಯುತ್ತ ಕೇಳಿದೆ.

“ಮಂತ್ರವಲ್ಲ, ಎಜೆ. ನಮ್ಮ ಭಾಷೆಯಲ್ಲಿಯೂ ಇದೇ ಇದೆ. ಆದರೆ ಮನುಷ್ಯರಿಗಲ್ಲ, ಮಾತಿಗೆ.” ಅವಳು ಹಿಟ್ಟಿನ ಕೈಯನ್ನೇ ಮುಂದೆ ಚಾಚಿ ಬೆರಳು ಮಡಚತೊಡಗಿದಳು. “ಅತ್ ಎಂದರೆ ಕುದುರೆ. ಅನೇಕ ಕುದುರೆಗಳು ಅತ್ತರ್. ಇತ್ ಎಂದರೆ ನಾಯಿ. ಅನೇಕ ನಾಯಿಗಳು ಇತ್ತೆರ್. ಕೊಲ್ ಎಂದರೆ ಕೈ. ಅನೇಕ ಕೈಗಳು ಕೊಲ್ದೊರ್. ಬಾಲ ಒಂದೇ. ಆದರೆ ತಲೆಯಲ್ಲಿ ಯಾವ ಸ್ವರ ಕುಳಿತಿದೆಯೋ ಅದನ್ನು ನೋಡಿ ಬಾಲ ತನ್ನ ಸ್ವರ ಬದಲಿಸಿಕೊಳ್ಳುತ್ತದೆ. ಮೊದಲು ಬಂದವರ ಮಾತು ನಡೆಯುತ್ತದೆ.”

“ಹಂಗಾರ ನಿಮ್ಮಲ್ಲಿ ಮಾತಿಗೂ ಒಬ್ಬಾಕಿ ಅತ್ತಿ ಇರ್ತಾಳ ಅನ್ನು.”

ಅವಳು ನಕ್ಕ ನಗೆಗೆ ಒಲೆಯ ಬೂದಿ ಹಾರಿತು. “ಆದರೆ ನನ್ನ ಹೆಸರು ಜೋಡುಪದ. ಆಯ್ ಎಂದರೆ ಚಂದ್ರ, ಗುಲ್ ಎಂದರೆ ಹೂವು. ಎರಡು ಪದ ಕೈಹಿಡಿದು ನಿಂತರೆ ಒಂದು ಇನ್ನೊಂದನ್ನು ಬಾಗಿಸುವುದಿಲ್ಲ. ಚಂದ್ರ ಚಂದ್ರನೇ, ಹೂವು ಹೂವೇ.” ಆಮೇಲೆ ಸ್ವಲ್ಪ ಬೇಸರದಿಂದ, “ಆದರೆ ಗುಲ್ ಎಂದು ಇಲ್ಲಿ ಯಾರೂ ಸರಿಯಾಗಿ ಹೇಳುವುದಿಲ್ಲ. ಅದು ಉ ಅಲ್ಲ. ತುಟಿ ಉ ಎನ್ನಬೇಕು, ಒಳಗೆ ನಾಲಿಗೆ ಇ ಎನ್ನಬೇಕು” ಎಂದಳು.

ನಾನು ಗುಲ್ ಎಂದೆ, ಗಿಲ್ ಎಂದೆ, ಗ್ಯುಲ್ ಎಂದೆ. ಊಟಕ್ಕೆ ಬಂದ ನನ್ನ ಗಂಡ ಪ್ರಯತ್ನಿಸಿ ನಾಲಿಗೆ ಕಚ್ಚಿಕೊಂಡರು. ಬಾಗಿಲಲ್ಲಿ ಅಕ್ಕಿ ಕೇರುತ್ತ ಕುಳಿತ ಅತ್ತೆ ತಲೆ ಎತ್ತದೆಯೇ ಆ ಪದವನ್ನು ಅಂದರು. ತುಟಿಯಲ್ಲಿ ಉ, ಒಳಗೆ ಇ. ಆಯ್‌ಗುಲ್ ಕೈಯಲ್ಲಿದ್ದ ಹಿಟ್ಟು ಬಿಟ್ಟು ಚಪ್ಪಾಳೆ ತಟ್ಟಿದಳು. “ಇದರಾಗ ಏನೈತಿ ಕಷ್ಟ?” ಎಂದು ಅತ್ತೆ ಮೊರ ಎತ್ತಿಕೊಂಡು ಹಿತ್ತಿಲಿಗೆ ಹೋದರು. ಆ ದಿನ ಮತ್ತೆ ಒಳಗೆ ಬರಲು ಬಹಳ ಹೊತ್ತು ಮಾಡಿದರು.

ಮೈದುನನಿಗೆ ದವಾಖಾನೆ ತೆರೆಯಬೇಕಿತ್ತು. ಹಳೆಯ ಮನೆಯ ಪಡಸಾಲೆಯಲ್ಲಿ ನಾಲ್ಕು ಜನ ಕೆಮ್ಮಿದರೆ ಐದನೆಯವನು ಬೀದಿಯಲ್ಲಿ ನಿಲ್ಲಬೇಕು. ಹೀಗಾಗಿ ಅಣ್ಣತಮ್ಮ ಸೇರಿ ಬಸ್ ಸ್ಟ್ಯಾಂಡಿನ ಹತ್ತಿರ ಹೊಸ ಮನೆ ಕಟ್ಟಿಸಿದರು. ಪಕ್ಕಕ್ಕೆ ದವಾಖಾನೆಗೆ ಬೇರೆ ಬಾಗಿಲು. ಹೊಸ್ತಿಲಿಗೆ ಅರಿಶಿನ ಬೀಳುವವರೆಗೆ ಅದು ಕಟ್ಟಡ, ಮನೆಯಲ್ಲ. ಗೌಂಡಿಗಳು ಎಷ್ಟು ಸಲ ಒಳಗೆ ಹೋಗಿ ಬಂದರೂ ಲೆಕ್ಕವಿಲ್ಲ. ಅರಿಶಿನ ಬಿದ್ದ ಮೇಲೆ ಮೊದಲು ದಾಟುವವರು ಯಾರು? ಅತ್ತೆ ಅದನ್ನು ಆಗಲೇ ತೀರ್ಮಾನಿಸಿದ್ದರು. “ತುಳಸವ್ವನ ಫೋಟೋ ಹಿಡಕೊಂಡು ನಾ ಹೋಗಾಕಿ. ಈ ಮನಿ ಉ, ಆ ಮನಿನೂ ಉ. ನಾ ಅಷ್ಟು ವರ್ಷ ಬಾಳೇವು ಮಾಡೀನಿ, ನಿಮಗೇನ ಧಾಡಿ?”

ಆ ಸಂಜೆ ಆಯ್‌ಗುಲ್ ನನ್ನ ಕಿವಿಯಲ್ಲಿ, “ಎಜೆ, ನಾವಿಬ್ಬರೂ ಕೈಹಿಡಿದು ಒಂದೇ ಹೆಜ್ಜೆಯಲ್ಲಿ ದಾಟಿದರೆ ಆ ಮನೆ ಜೋಡುಪದವಾಗುತ್ತದೆ. ಒಳಗೆ ಯಾರೂ ಬಾಗಬೇಕಾಗಿಲ್ಲ” ಎಂದಳು. ಹೊಸ್ತಿಲಿಗೆ ಅರಿಶಿನ ಬಳಿಯುವ ಕೆಲಸ ಹೇಗೂ ಸೊಸೆಯರದು. ಬಳಿದು ಮುಗಿಸಿದ ಕ್ಷಣವೇ ಹಾರಿಬಿಡುವುದು ಎಂದು ಗೊತ್ತುಮಾಡಿದೆವು. ಮಾಳಿಗೆಯ ಮೇಲೆ ರಂಗೋಲಿಯಲ್ಲಿ ಗೆರೆ ಎಳೆದು, ಅವಳ ಭಾಷೆಯಲ್ಲಿ ಬಿರ್, ಎಕಿ, ಉಚ್ ಎಂದು ಒಂದು ಎರಡು ಮೂರು ಎಣಿಸಿ, ಉಚ್ ಎಂದಾಗ ಹಾರುವುದನ್ನು ಅಭ್ಯಾಸ ಮಾಡಿದೆವು. ಬಟ್ಟೆ ತೆಗೆಯಲು ಬಂದ ನನ್ನ ಗಂಡ ನೋಡಿ ದಂಗಾದರು.

“ಏನ್ ನಡಸೀರಿ ಇಲ್ಲೆ?”

“ಸೊಂಟಕ್ಕ ಚಲೋ ಅಂತ ನಿಮ್ಮ ತಮ್ಮ ಹೇಳ್ಯಾರ್ರಿ” ಎಂದೆ. ಅವರು ಸ್ವಲ್ಪ ಹೊತ್ತು ನಿಂತು, ಯಾರೂ ನೋಡುತ್ತಿಲ್ಲವೆಂದು ಖಚಿತಪಡಿಸಿಕೊಂಡು, ತಾವೂ ಎರಡು ಸಲ ಹಾರಿ ಹೋದರು.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ನನ್ನ ಮನಸ್ಸು ಸ್ವಚ್ಛವಿರಲಿಲ್ಲ. ಜೋಡುಪದ ಯಾರಿಗೆ ಬೇಕು? ನಾನು ಒಂದು ಬೆರಳಿನಷ್ಟು ಮೊದಲು ದಾಟಿದರೆ ಮನೆ ಅಕಾರದ್ದಾಗುತ್ತದೆ. ನಾನು ಸರಳಾ ಆಗಿ ಉಳಿಯುತ್ತೇನೆ, ಅತ್ತೆಯ ಹೆಸರು ನನಗೆ ಬಾಗುತ್ತದೆ. ಹನ್ನೆರಡು ವರ್ಷಕ್ಕೆ ಅದು ಬಡ್ಡಿ ಎಂದುಕೊಂಡೆ. ಆಯ್‌ಗುಲ್‌ಗೆ ಹೇಳಲಿಲ್ಲ.

ಮನೆ ಬದಲಿಸುವ ದಿನ ಬೆಳಿಗ್ಗೆ ನಗರಸಭೆಯ ಗುಮಾಸ್ತ ತಿರಕಪ್ಪ ಒಂದು ಕೈಯಲ್ಲಿ ಇಕ್ಕಳ, ಇನ್ನೊಂದು ಕೈಯಲ್ಲಿ ಅಕ್ಷರಗಳ ಪೆಟ್ಟಿಗೆ ಹಿಡಿದು ಬಂದ. ಹಳೆಯ ಬಾಗಿಲಿನಿಂದ ಉ ಕಿತ್ತು ಪೆಟ್ಟಿಗೆಗೆ ಹಾಕಿದ. ಬೀಗ ಬಿತ್ತು. ಇನ್ನು ಹೊಸ ಹೊಸ್ತಿಲು ದಾಟುವವರೆಗೆ ನಾವು ಯಾವ ಮನೆಗೂ ಸೇರಿದವರಲ್ಲ. ಸಾಮಾನು ಲಾರಿಯಲ್ಲಿ ಹೋಯಿತು. ನಾವು ನಡೆದೆವು. ಸಂತೆಪೇಟೆಯ ತಿರುವಿನಲ್ಲಿ ನನ್ನ ಗಂಡ ಹಿಂದೆ ತಿರುಗಿ, “ಕೊಡೆ ತಂದೀಯೇನ, ಸರಳಾ?” ಎಂದರು. ಅಂದವರೇ ನಿಂತುಬಿಟ್ಟರು. ಬಾಯಿಗೆ ಕೈ ಇಟ್ಟುಕೊಂಡು ಇನ್ನೊಮ್ಮೆ, ಮೆಲ್ಲಗೆ, “ಸರಳಾ” ಎಂದರು. ಹನ್ನೆರಡು ವರ್ಷ ಸಂಸಾರ ಮಾಡಿದ ಮನುಷ್ಯ ನನ್ನನ್ನು ಆಗ ತಾನೇ ಪರಿಚಯವಾದವಳ ಹಾಗೆ ನೋಡಿದರು. ನನಗೆ ನಾಚಿಕೆಯಾಗಿ ಕೊಡೆ ಬಿಚ್ಚಿ ಮುಖ ಮರೆಮಾಡಿಕೊಂಡೆ. ಅಷ್ಟರಲ್ಲಿ ಮೈದುನ, “ಗಜಾನನಣ್ಣಾ” ಎಂದು ಕೂಗಿದ. ಯಾರನ್ನು ಕರೆಯುತ್ತಿದ್ದಾನೆ ಎಂದು ನನ್ನ ಗಂಡ ಸುತ್ತಮುತ್ತ ಹುಡುಕಿದರು.

ಅತ್ತೆ ಮಾತ್ರ ದಾರಿಯುದ್ದಕ್ಕೂ ಒಂದು ಮಾತಾಡಲಿಲ್ಲ. ಬಾಯಿತುಂಬ ಎಲೆ ಅಡಿಕೆ ಹಾಕಿಕೊಂಡು, ತುಳಸವ್ವನ ಫೋಟೋವನ್ನು ಎದೆಗವಚಿಕೊಂಡು, ತುಟಿ ಬಿಗಿದು ನಡೆದರು.

ಹೊಸ ಮನೆಯ ಅಂಗಳದಲ್ಲಿ ನಾನೂ ಆಯ್‌ಗುಲ್ಲೂ ಕುಕ್ಕುರುಗಾಲಲ್ಲಿ ಕುಳಿತು ಹೊಸ್ತಿಲಿಗೆ ಅರಿಶಿನ ಬಳಿದೆವು. ತಿರಕಪ್ಪ ದಪ್ಪ ಪುಸ್ತಕ ತೆರೆದ. “ಮೊದಲ ಯಾರು ದಾಟೋರು? ಹೆಸರು ಹೇಳ್ರಿ.”

ಅತ್ತೆ ಎಲೆ ಉಗುಳಿ, ಫೋಟೋ ಮುಂದೆ ಹಿಡಿದು, “ತುಳಸವ್ವ” ಎಂದರು.

“ಫೋಟೋ ನಡ್ಯಂಗಿಲ್ರಿ ದೊಡ್ಡವ್ವಾರ. ಕಾಲಿದ್ದವರು ಬೇಕು. ನಿಮ್ಮ ಹೆಸರ ಹೇಳ್ರಿ.”

“ನನ್ನ ಹೆಸರ್ಯಾಕ? ಉ ಅಂತ ಬರ್ಕೋ.”

“ಕಾಯ್ದೆ ಐತ್ರಿ. ಹೆಸರು ಬಾಯಲೇ ಹೇಳಬೇಕು.”

ಅತ್ತೆ ನಮ್ಮನ್ನೆಲ್ಲ ಒಮ್ಮೆ ನೋಡಿದರು. ಬಾಯಿ ತೆರೆದರು, ತುಟಿಗಳನ್ನು ದುಂಡಗೆ ಮಾಡಿದರು. ಆದರೆ ತುಟಿಗಳು ಹಾಗೆ ನಿಲ್ಲಲಿಲ್ಲ, ಎರಡೂ ಬದಿಗೆ ಎಳೆದುಕೊಂಡು ಹಲ್ಲು ಕಂಡವು. “ಇಂದಿರೆ” ಎಂದರು.

“ಅವ್ವಾ, ನಿನ್ನ ಹೆಸರು ಇಂದಿರೇನ?” ಎಂದು ನನ್ನ ಗಂಡ ಕೇಳಿದರು. ಐವತ್ತಕ್ಕೆ ಹತ್ತಿರ ಬಂದ ಮಗ.

“ಹೌದು. ಮದುವಿ ಆದಾಗ ನನಗ ಹದಿನಾರು. ನಮ್ಮಪ್ಪ ಇಂದ್ರಿ ಅಂತಿದ್ದ.” ಅತ್ತೆ ತಮ್ಮ ಹೆಸರನ್ನು ಮತ್ತೆ ಅಂದರು, ಹೊಸ ಬಳೆ ಅಲುಗಿಸಿ ಸದ್ದು ಕೇಳುವವರ ಹಾಗೆ. ಇಂದಿರೆ. ಮದುವೆಯಾದ ಮೇಲೆ ತವರೆಂಬುದು ಅವರಿಗೆ ಉಳಿದಿರಲಿಲ್ಲ, ಈ ಊರಿನ ಗಡಿಯನ್ನು ಮತ್ತೆ ದಾಟಿದವರೂ ಅಲ್ಲ. ನನಗೆ ವರ್ಷಕ್ಕೊಮ್ಮೆ ಬಸ್ಸಿನ ಕಿಟಕಿಯಾದರೂ ಇತ್ತು. ಮೀಸೆಯ ಅತ್ತೆಯನ್ನು ನೆನೆದು ನಕ್ಕಿದ್ದೆಲ್ಲ ಈಗ ನನ್ನ ಮೇಲೆಯೇ ತಿರುಗಿತು. ಮೊದಲು ಅವರೇ ದಾಟಲಿ, ಈ ಮನೆ ಇಕಾರದ್ದೇ ಆಗಲಿ, ನಾನು ಸಿರಿಳೀ ಆಗಿ ಬದುಕಿದರಾಯಿತು ಎಂದು ಮನಸ್ಸು ಕರಗಿತು.

ಅದು ಪೂರ್ತಿ ಕರಗುವಷ್ಟು ಸಮಯವನ್ನು ಅತ್ತೆ ಕೊಡಲಿಲ್ಲ. ಅವರ ಕಣ್ಣಲ್ಲಿ ಏನೋ ಮಿಂಚಿತು. ತುಳಸವ್ವನ ಫೋಟೋವನ್ನು ನನ್ನ ಗಂಡನ ಹೊಟ್ಟೆಗೆ ತುರುಕಿ, ಸೀರೆಯ ನಿರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಅರವತ್ತೈದರ ಹೆಂಗಸು ಬಾಗಿಲಿಗೆ ಓಡಿ ಬಂದರು. ಅವರೇ ದಾಟಲಿ ಎಂದು ಮನಸ್ಸು ಅಂದರೂ ನನ್ನ ಕಾಲು ಕೇಳಬೇಕಲ್ಲ! “ಬಿರ್!” ಎಂದು ಆಯ್‌ಗುಲ್ ಕೂಗಿದ್ದು ಕೇಳಿಸಿತು, “ಎಕಿ” ಎಂದದ್ದೂ ಕೇಳಿಸಿತು. ಉಚ್ ಕೇಳಿಸಲು ನಾನು ಕಾಯಲಿಲ್ಲ.

ಮೂವರೂ ಚೌಕಟ್ಟಿನಲ್ಲಿ ಸಿಕ್ಕಿಕೊಂಡೆವು. ಎಡಗಡೆ ಅತ್ತೆ, ನಡುವೆ ನಾನು, ಬಲಗಡೆ ಆಯ್‌ಗುಲ್. ಅತ್ತೆಯ ಮೊಣಕೈ ನನ್ನ ಪಕ್ಕೆಯಲ್ಲಿ, ನನ್ನ ತುರುಬು ಆಯ್‌ಗುಲ್‌ಳ ಬಾಯಲ್ಲಿ. ಹಿಂದಿನಿಂದ ಅಣ್ಣತಮ್ಮ ಎಳೆಯಲು ಬಂದರು. “ಎಳೀಬ್ಯಾಡ್ರಿ! ಹಂಗ ಇರ್ರಿ, ನಾ ನೋಡಬೇಕು!” ಎಂದು ತಿರಕಪ್ಪ ನೆಲಕ್ಕೆ ಕೆನ್ನೆಯಿಟ್ಟು ನಮ್ಮ ಕಾಲುಗಳನ್ನು ಪರೀಕ್ಷಿಸಿದ. ಆರು ಕಾಲು, ಎಲ್ಲವಕ್ಕೂ ಅರಿಶಿನ. ಅತ್ತೆ ಒಮ್ಮೆ ಜೋರಾಗಿ ಉಸಿರೆಳೆದು ನೂಕಿದರು. ಮೂವರೂ ಒಟ್ಟಿಗೆ ಒಳಗೆ ಬಿದ್ದೆವು.

ಬಿದ್ದಲ್ಲಿಯೇ ಅತ್ತೆ ನಗತೊಡಗಿದರು. ಅವರು ಹೊಟ್ಟೆ ಹಿಡಿದು ನಗುವುದನ್ನು ನಾನು ಕಂಡದ್ದು ಅದೇ ಮೊದಲು. ತಿರಕಪ್ಪ ಹೊಸ್ತಿಲಿನಾಚೆ ನಿಂತು ಒಬ್ಬೊಬ್ಬರ ಹೆಸರು ಕೇಳಿದ. ಇಂದಿರೆ. ಸರಳಾ. ಆಯ್‌ಗುಲ್. ಆಮೇಲೆ ಗಂಡಸರನ್ನು ಒಳಗೆ ಕಳಿಸಿ ಕೇಳಿದ. ಗಜಾನನ. ಶ್ರೀಧರ. ಮೂರು ದಿನ ಬಿಟ್ಟು ಬಂದು ಮತ್ತೆ ಕೇಳಿದ. ಒಂದು ಹೆಸರೂ ಬಾಗಿರಲಿಲ್ಲ. ಪೆಟ್ಟಿಗೆಯನ್ನೆಲ್ಲ ತಡಕಾಡಿದರೂ ಇದಕ್ಕೆ ಹೊಂದುವ ಅಕ್ಷರ ಸಿಗದೆ, ಚೌಕಟ್ಟಿಗೆ ಬರೀ ಮೊಳೆ ಹೊಡೆದು, “ಮ್ಯಾಲಿನವರಿಗೆ ಬರೀತೀನ್ರಿ” ಎಂದು ಹೋದ. ಮೇಲಿನವರಿಂದ ಇನ್ನೂ ಉತ್ತರವಿಲ್ಲ. ಆದರೆ ಊರಿನ ಬಡಿಗರಿಗೆ ಈಗ ಅಗಲ ಬಾಗಿಲುಗಳ ಕೆಲಸ ಬಹಳ.

ಆ ರಾದ್ಧಾಂತ ಅಡಗಿದ ಮೇಲೆ ನಾನು ಆಯ್‌ಗುಲ್‌ಗೆ ತಪ್ಪೊಪ್ಪಿಗೆ ಮಾಡಿದೆ. “ನಾ ಎಕಿ ಅಂದಾಗನ ಜಿಗದೆ. ಮೋಸ ಮಾಡಿದೆ ನಿನಗ.”

“ನನಗೆ ಗೊತ್ತಿತ್ತು, ಎಜೆ. ಮಾಳಿಗೆಯ ಮೇಲೆಯೂ ನಿಮ್ಮ ಹೆಬ್ಬೆರಳು ಯಾವಾಗಲೂ ಗೆರೆಯಾಚೆಯೇ ಇರುತ್ತಿತ್ತು. ಅದಕ್ಕಾಗಿ ನಾನು ಬಿರ್ ಎಂದಾಗಲೇ ಹಾರಿದೆನು.”

ಅತ್ತೆ ಮೊದಲ ವಾರ ಮನೆತುಂಬ ಬೀಗುತ್ತ ಓಡಾಡಿದರು. ಎರಡನೆಯ ವಾರ ಮಂಕಾದರು. ಒಂದು ಮಧ್ಯಾಹ್ನ ಹುಣಸೆಹಣ್ಣು ಬಿಡಿಸುತ್ತ ಕುಳಿತಾಗ, “ಏ ಸರಳಾ, ನನ್ನ ಹೆಸರು ಹಿಡದು ಒಮ್ಮೆ ಕರಿ” ಎಂದರು.

“ಅಯ್ಯ, ಅತ್ತಿ ಹೆಸರು ಹ್ಯಾಂಗ ಹಿಡೀಲ್ರಿ?”

“ನಾನ ಹೇಳಾಕತ್ತೀನಲ್ಲ. ಕರಿ.”

ಪ್ರಯತ್ನಿಸಿದೆ. ಇ ಎಂಬಲ್ಲಿಗೆ ನಾಲಿಗೆ ನಿಂತಿತು. ಅದು ಮನೆಯ ಸ್ವರದ ಕೆಲಸವಾಗಿರಲಿಲ್ಲ, ನಮ್ಮವ್ವ ಬೆಳೆಸಿದ ರೀತಿಯ ಕೆಲಸ. ಆಯ್‌ಗುಲ್ ಕೂಡ ತಲೆಯಾಡಿಸಿದಳು. ಅವರ ದೇಶದಲ್ಲಿಯೂ ಸೊಸೆ ಗಂಡನ ಕಡೆಯ ಹಿರಿಯರ ಹೆಸರು ಎತ್ತುವುದಿಲ್ಲವಂತೆ. ಮಕ್ಕಳು ಅವ್ವನ ಹೆಸರು ಹೇಗೆ ಕರೆದಾರು? ಊರಿಗೆ ಅವರು ದೊಡ್ಡವ್ವ. ಮಾವ ತೀರಿಕೊಂಡು ಇಪ್ಪತ್ತು ವರ್ಷ. ಹೆಸರು ಹಿಡಿದು ಕರೆಯಬಹುದಾದ ಅಕ್ಕ, ಅತ್ತೆ, ಗೆಳತಿ ಒಬ್ಬರೂ ಉಳಿದಿರಲಿಲ್ಲ. ನಲವತ್ತೊಂಬತ್ತು ವರ್ಷದ ಮೇಲೆ ಹೆಸರು ಮರಳಿ ಬಂದಿತ್ತು, ಕರೆಯುವವರು ಹೋಗಿಬಿಟ್ಟಿದ್ದರು. ಅತ್ತೆ ಹುಣಸೆ ಬೀಜಗಳನ್ನು ಒಂದು ಕಡೆ ಗುಡ್ಡೆ ಹಾಕಿ ಎದ್ದು ಹೋದರು.

ಮರುದಿನದಿಂದ ಬೆಳಿಗ್ಗೆ ಹತ್ತಕ್ಕೆ ಅತ್ತೆ ಕಾಣೆಯಾಗತೊಡಗಿದರು. ಇಸ್ತ್ರಿ ಮಾಡಿದ ಸೀರೆ ಉಟ್ಟು, ಹೂ ಮುಡಿದು, 'ಮೊಣಕಾಲು ನೋವು' ಎಂದು ಹೊರಡುವುದು. ಬಾಗಿಲಿಗೆ ಓಡಿ ಬಂದ ಮೊಣಕಾಲಿಗೆ ನೋವೇ? ನಾಲ್ಕನೆಯ ದಿನ ನಾನು ಹಿಂದೆ ಹೋದೆ. ಅವರು ಮನೆಯ ಬಾಗಿಲಿನಿಂದ ಹೊರಬಿದ್ದು, ಸುತ್ತು ಹಾಕಿ, ಮಗನ ದವಾಖಾನೆಯ ಬಾಗಿಲಿಗೆ ಹೋದರು. ಹೆಸರು ಬರೆಸಿ ಚೀಟಿ ಮಾಡಿಸಿ ಬೆಂಚಿನ ಮೇಲೆ ಹದಿನೈದು ಜನ ರೋಗಿಗಳ ನಡುವೆ ಕುಳಿತರು. ನಾನು ಹೋಗಿ ಪಕ್ಕದಲ್ಲಿ ಕುಳಿತೆ. ಅತ್ತೆ ನನ್ನನ್ನು ಓರೆಗಣ್ಣಿಂದ ನೋಡಿ, ಸ್ವಲ್ಪ ಸರಿದು ಜಾಗ ಕೊಟ್ಟರು.

ಕಂಪೌಂಡರ್ ಯಮನಪ್ಪನದು ಬಯಲಾಟದಲ್ಲಿ ಪಳಗಿದ ಕಂಠ. ಬಾಗಿಲ ಪರದೆ ಸರಿಸಿ, ಚೀಟಿ ನೋಡಿ, ಬಸ್ ಸ್ಟ್ಯಾಂಡಿಗೂ ಕೇಳುವ ಹಾಗೆ, “ಇಂದಿರೇ!” ಎಂದು ಕೂಗಿದ.

ಅತ್ತೆ ಅಲುಗಾಡಲಿಲ್ಲ. ಕೇಳಿಸಿಲ್ಲವೇನೋ ಎಂದು ನಾನು ಏಳಲು ಹೋದೆ. ಅವರು ನನ್ನ ಮುಂಗೈ ಒತ್ತಿ ಹಿಡಿದು, ಪರದೆಯ ಕಡೆಗೇ ನೋಡುತ್ತ ಪಿಸುಗುಟ್ಟಿದರು: “ಸುಮ್ನ ಕೂಡು. ಇನ್ನೊಮ್ಮೆ ಕರೀಲಿ.”